ಬಿಚ್ಚಬೇಕಾದ ಹೊಲಿಗೆ, ಬಿಚ್ಚಬಾರದ ಹೊಲಿಗೆ

ಕಾರವಾರದಲ್ಲಿ ಮನೆಬಳಕೆಯ ಹೊಲಿಗೆ ಯಂತ್ರದ ಮೇಲೆ ರವಿಕೆ ಹೊಲಿಯುವುದನ್ನು ಕಲಿಸುವುದು ನನ್ನ ಉದ್ಯೋಗ. ಹೊಸದಾಗಿ ಯಂತ್ರ ಕೊಂಡವರು ಅದರಲ್ಲಿರುವ ಅಲಂಕಾರದ ಹೊಲಿಗೆಗಳನ್ನೆಲ್ಲ ಕಲಿಯುವ ಆಸೆಯಿಂದ ಬರುತ್ತಾರೆ. ಆದರೆ ದಿನನಿತ್ಯದ ಕೆಲಸದಲ್ಲಿ ಹೆಚ್ಚಿನದೆಲ್ಲ ನೇರ ಹೊಲಿಗೆ ಮತ್ತು ಅಂಕುಡೊಂಕಾಗಿ ಸಾಗುವ ಜಿಗ್‌ಜಾಗ್ ಎರಡರಲ್ಲೇ ಮುಗಿಯುತ್ತದೆ. ಇವುಗಳ ಉದ್ದವನ್ನು, ಅಂದರೆ ಸೂಜಿಯ ಒಂದು ಕುತ್ತಿನಿಂದ ಮುಂದಿನ ಕುತ್ತಿಗಿರುವ ಅಂತರವನ್ನು, ತೀರ್ಮಾನಿಸುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ ಎನ್ನುತ್ತೇನೆ: ಈ ಹೊಲಿಗೆಯನ್ನು ಮುಂದೆಂದಾದರೂ ಬಿಚ್ಚಬೇಕಾಗಿ ಬರುತ್ತದೆಯೇ?

ರವಿಕೆಯ ಎರಡೂ ಪಕ್ಕಗಳಲ್ಲಿ ನಾವು ಒಳಗೆ ಬಟ್ಟೆ ಬಿಟ್ಟು, ಮೈ ತುಂಬಿಕೊಂಡಾಗ ಒಂದೊಂದಾಗಿ ಬಿಚ್ಚಿಕೊಳ್ಳಲೆಂದು ಎರಡು ಮೂರು ಸಾಲು ಹೊಲಿಗೆ ಹಾಕುತ್ತೇವೆ. ಕಲಿಯಲು ಬಂದವರೊಬ್ಬರು ಹಿಂದೆ ಬೇರೆಡೆ ಹೊಲಿಸಿದ್ದ ರೇಷ್ಮೆ ರವಿಕೆಯನ್ನು ತಂದು ಸಡಿಲಿಸಿಕೊಡಿ ಎಂದಿದ್ದರು. ಅದರ ಎಲ್ಲ ಸಾಲುಗಳೂ ತೀರಾ ಒತ್ತೊತ್ತಾಗಿದ್ದವು. ದಾರವನ್ನು ಎಷ್ಟೇ ನಾಜೂಕಾಗಿ ತೆಗೆದರೂ ಸೂಜಿ ತೂರಿದ ಕಡೆಯೆಲ್ಲ ಚುಕ್ಕೆಗಳ ಗೆರೆ ಉಳಿಯಿತು. ಇಸ್ತ್ರಿ ಹಾಕಿದರೂ ಅದು ಮುಚ್ಚಲಿಲ್ಲ, ಏಕೆಂದರೆ ರೇಷ್ಮೆಯ ಎಳೆ ಒಮ್ಮೆ ಸರಿದರೆ ಅಥವಾ ಕಡಿದರೆ ಹತ್ತಿಯಷ್ಟು ಸುಲಭವಾಗಿ ಕೂಡಿಕೊಳ್ಳುವುದಿಲ್ಲ. ಆದ್ದರಿಂದ ಮೈಗೆ ಹತ್ತಿರದ ಸಾಲುಗಳನ್ನು 3 ಮಿ.ಮೀ. ಉದ್ದಕ್ಕೆ ಹಾಕಿಸುತ್ತೇನೆ. ಅಕಸ್ಮಾತ್ ದಾರ ಕಡಿದರೂ ಹಿಂದೆ ಇನ್ನೊಂದು ಸಾಲು ಇದ್ದೇ ಇರುತ್ತದೆ. ಅಂಚಿನ ಕೊನೆಯ ಸಾಲು, ಭುಜ ಮತ್ತು ತೋಳಿನ ಜೋಡಣೆಗೆ 2.5 ಮಿ.ಮೀ. ಸಾಕು. ಕೊರಳಿನ ತಿರುವಿಗೆ ಮಾತ್ರ 2 ಮಿ.ಮೀ. ಇರಲಿ, ಅಲ್ಲಿ ಬಟ್ಟೆಗೆ ಕತ್ತರಿಯಿಂದ ಕಚ್ಚು ಕೊಡುವುದರಿಂದ ಹೊಲಿಗೆ ಬಿಗಿಯಾಗಿರಬೇಕು.

ಉದ್ದ ನಿಗದಿಯಾದ ಮೇಲೆ ಅದೇ ಬಟ್ಟೆಯ ತುಂಡನ್ನು, ಲೈನಿಂಗ್ ಸಹಿತ ಅಷ್ಟೇ ಪದರಗಳಲ್ಲಿ ಮಡಿಸಿ ಹೊಲಿದು ನೋಡಬೇಕು. ಮೇಲಿನ ದಾರವೂ ಬಾಬಿನ್ (ಸೂಜಿಯ ಕೆಳಗೆ ಯಂತ್ರದೊಳಗಿರುವ ಪುಟ್ಟ ಉರುಳೆ) ದಾರವೂ ಬಟ್ಟೆಯ ನಡುವೆ ಹೆಣೆದುಕೊಂಡರೆ ಎರಡೂ ಬದಿ ಒಂದೇ ರೀತಿ ಕಾಣುತ್ತದೆ. ಬಾಬಿನ್ ದಾರ ಮೇಲೆ ಚುಕ್ಕೆಯಾಗಿ ಇಣುಕಿದರೆ ಮೇಲಿನ ಟೆನ್ಶನ್, ಅಂದರೆ ದಾರದ ಬಿಗಿ, ಸ್ವಲ್ಪ ಕಡಿಮೆ ಮಾಡಬೇಕು. ಅಡಿಯಲ್ಲಿ ದಾರ ಗಂಟುಗಂಟಾಗಿ ಸುತ್ತಿಕೊಂಡಾಗ ಬಹುತೇಕ ಎಲ್ಲರೂ ಬಾಬಿನ್ ಕೇಸನ್ನೇ ಬಿಚ್ಚಲು ಹೊರಡುತ್ತಾರೆ, ಆದರೆ ದೋಷ ಹೆಚ್ಚಾಗಿ ಮೇಲಿನ ದಾರದ್ದೇ ಆಗಿರುತ್ತದೆ. ಬಟ್ಟೆಯನ್ನು ಒತ್ತಿ ಹಿಡಿಯುವ ಫುಟ್ ಅನ್ನು ಕೆಳಗಿಳಿಸಿಟ್ಟು ದಾರ ಪೋಣಿಸಿದರೆ ಟೆನ್ಶನ್ ತಟ್ಟೆಗಳು ಒತ್ತಿಕೊಂಡಿರುವುದರಿಂದ ದಾರ ಅವುಗಳ ನಡುವೆ ಕೂರುವುದಿಲ್ಲ. ಫುಟ್ ಎತ್ತಿ ಮತ್ತೆ ಪೋಣಿಸಿ, ಆಮೇಲೆ ಬೇಕಿದ್ದರೆ ಬಾಬಿನ್ ಮುಟ್ಟಿ.

ಸೂಜಿಯ ಬಗ್ಗೆ ನಮ್ಮ ಕರಾವಳಿಯವರು ವಿಶೇಷ ಗಮನ ಕೊಡಬೇಕು. ರೇಷ್ಮೆಗೆ 11, ಸಾಮಾನ್ಯ ಹತ್ತಿಗೆ 14 ನಂಬರಿನ ಸೂಜಿ ಹೊಂದುತ್ತದೆ. ಆದರೆ ಮಳೆಗಾಲದ ತೇವಕ್ಕೂ ಕಡಲ ಗಾಳಿಯ ಉಪ್ಪಿಗೂ ಸಿಕ್ಕಿ ತುಕ್ಕಿನ ಸಣ್ಣ ಚುಕ್ಕೆಯೊಂದು ಬಂದರೂ ಆ ಸೂಜಿ ರೇಷ್ಮೆಯ ಎಳೆಯನ್ನು ಕಿತ್ತುಬಿಡುತ್ತದೆ. ಕೆಲಸ ಮುಗಿದ ಮೇಲೆ ಸೂಜಿಯನ್ನು ಯಂತ್ರದಲ್ಲೇ ಬಿಡದೆ, ಒರೆಸಿ ಮುಚ್ಚಳದ ಡಬ್ಬಿಯಲ್ಲಿಡುವುದು ಒಳ್ಳೆಯದು.

ಜಿಗ್‌ಜಾಗ್ ಮುಖ್ಯವಾಗಿ ಎಳೆ ಬಿಡುವ ಅಂಚಿಗೆ. ಅಗಲ 4ರಿಂದ 5, ಉದ್ದ 2 ಮಿ.ಮೀ. ಇಟ್ಟು, ಸೂಜಿಯ ಒಂದು ಕುತ್ತು ಬಟ್ಟೆಯೊಳಗೂ ಇನ್ನೊಂದು ಅಂಚಿನಿಂದ ತುಸು ಆಚೆಗೂ ಬೀಳುವಂತೆ ನಡೆಸಬೇಕು. ನೇರ ಹೊಲಿಗೆಯ ಕಿರುತೂತಿನ ಫುಟ್ ಹಾಗೆಯೇ ಇದ್ದರೆ ಸೂಜಿ ಅದಕ್ಕೆ ಬಡಿದು ಮುರಿಯುತ್ತದೆ. ಫುಟ್ ಬದಲಿಸಿದ ಮೇಲೂ ಚಕ್ರವನ್ನು ಕೈಯಿಂದ ನಮ್ಮ ಕಡೆಗೆ ಒಂದು ಸುತ್ತು ತಿರುಗಿಸಿ ನೋಡಿಯೇ ಮುಂದುವರಿಯಬೇಕು. ರವಿಕೆಯ ಪಕ್ಕಗಳಲ್ಲಿ ಹಿಂದಿನ ಮತ್ತು ಮುಂದಿನ ಭಾಗದ ಅಂಚುಗಳನ್ನು ಕೂಡಿಸಿ ಜಿಗ್‌ಜಾಗ್ ಹಾಕಬೇಡಿ. ಪಕ್ಕ ಜೋಡಿಸುವ ಮೊದಲೇ ಎರಡಕ್ಕೂ ಬೇರೆಬೇರೆಯಾಗಿ ಹಾಕಿಟ್ಟರೆ, ಕೊನೆಯ ಸಾಲನ್ನೂ ಬಿಚ್ಚಬೇಕಾದ ದಿನ ಅಂಚು ಕೆಡುವುದಿಲ್ಲ.