ಮಲೆನಾಡಿನಲ್ಲಿ ಎತ್ತರದ ಕಟ್ಟಡ: ಸೋಲಾರ್ ಆಮೇಲೆ, ಮೊದಲು ಗೋಡೆ ಒಣಗಿರಲಿ

"ಗ್ರೀನ್ ಬಿಲ್ಡಿಂಗ್ ಮಾಡೋಣ" ಅಂತ ನಮ್ಮ ಆಫೀಸಿಗೆ ಬರುವ ಬಿಲ್ಡರ್‌ಗಳ ಮೊಬೈಲಿನಲ್ಲಿ ಸಾಮಾನ್ಯವಾಗಿ ಒಂದು ಫೋಟೊ ಇರುತ್ತದೆ. ಹೆಚ್ಚಾಗಿ ಅದು ಇಟಲಿಯ ಮಿಲಾನ್‌ನಲ್ಲಿರುವ ಬಾಸ್ಕೊ ವರ್ಟಿಕಾಲೆ. 2014ರಲ್ಲಿ ಮುಗಿದ ಜೋಡಿ ಕಟ್ಟಡ. ಒಂದು 111 ಮೀಟರ್, ಇನ್ನೊಂದು 76 ಮೀಟರ್, ಬಾಲ್ಕನಿ ತುಂಬಾ ಮರ. ನೋಡೋಕೆ ಚಂದ, ಅದರಲ್ಲಿ ಎರಡು ಮಾತಿಲ್ಲ. ನಾನು ಫೋಟೊ ನೋಡಿ ಕೇಳುವುದು ಒಂದೇ ಪ್ರಶ್ನೆ: "ಪಶ್ಚಿಮದ ಗೋಡೆಗೆ ಸಜ್ಜಾ ಎಷ್ಟು ಹೊರಗೆ ಬಿಡ್ತೀರ ಸಾರ್?" ಅಲ್ಲಿಗೆ ಅವರ ಉತ್ಸಾಹ ಅರ್ಧ ಇಳಿಯುತ್ತದೆ.

ನಾನು ಶಿವಮೊಗ್ಗದಲ್ಲಿ ಎಂಜಿನಿಯರ್. ಅಪಾರ್ಟ್‌ಮೆಂಟ್‌ಗಳ ಡಿಸೈನ್ ನೋಡುತ್ತೇನೆ, ಸೈಟಿಗೂ ಹೋಗುತ್ತೇನೆ. ಇದಕ್ಕೂ ಮುಂಚೆ ಕೆಲವು ವರ್ಷ ಸೋರುವ ಕಟ್ಟಡಗಳ ರಿಪೇರಿ ಕಂಟ್ರಾಕ್ಟರ್ ಹತ್ತಿರ ಕೆಲಸ ಮಾಡಿದ್ದೆ. ಕಾಲೇಜಿನಲ್ಲಿ ಕಲಿತದ್ದಕ್ಕಿಂತ ಜಾಸ್ತಿ ಆ ಸೋರುವ ಗೋಡೆಗಳೇ ಕಲಿಸಿದವು. ಹೊಸದಾಗಿ ಫೀಲ್ಡಿಗೆ ಬರುವ ಹುಡುಗ ಹುಡುಗಿಯರು ಕೇಳುತ್ತಿರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮೂರಲ್ಲಿ ಹೈರೈಸ್ ಅಂದರೆ ನಲವತ್ತು ಮಹಡಿ ಅಲ್ಲ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಪ್ರಕಾರ 15 ಮೀಟರ್ ಮುಟ್ಟಿದರೆ ಅದು ಹೈರೈಸ್. ಸ್ಟಿಲ್ಟ್ ಪಾರ್ಕಿಂಗ್ (ಕೆಳಗೆ ಬರೀ ಕಂಬ ನಿಲ್ಲಿಸಿ ಬಿಡುವ ಪಾರ್ಕಿಂಗ್ ಜಾಗ) ಮೇಲೆ ಐದು ಮಹಡಿ ಎದ್ದರೆ ಸಾಕು, ಆ ಲೆಕ್ಕಕ್ಕೆ ಬಂತು. ಸವಳಂಗ ರಸ್ತೆ, ಸಾಗರ ರಸ್ತೆ ಕಡೆ ಹೋಗಿ ಬನ್ನಿ, ಇಂಥವು ಕಣ್ಣಿಗೆ ಬೀಳುತ್ತವೆ.

ಮಹಡಿ ಹೆಚ್ಚಾದಷ್ಟೂ ಒಂದೊಂದು ಫ್ಲಾಟಿನ ಪಾಲಿಗೆ ಬರುವ ತಾರಸಿ ಕಡಿಮೆಯಾಗುತ್ತದೆ, ಗೋಡೆ ಮಾತ್ರ ಬೆಳೆಯುತ್ತಾ ಹೋಗುತ್ತದೆ. ಸೋಲಾರ್ ಕೂರುವುದು ತಾರಸಿ ಮೇಲೆ. ಒಂದು ಕಿಲೋವ್ಯಾಟ್‌ಗೆ ಸುಮಾರು 10 ಚದರ ಮೀಟರ್ ಜಾಗ ಬೇಕು. ಇಪ್ಪತ್ತು ಮೂವತ್ತು ಮನೆಗೆ ಅದನ್ನು ಹಂಚಿದರೆ ಲಿಫ್ಟು, ಪಂಪು, ಕಾರಿಡಾರ್ ಲೈಟಿಗೆ ಆಗಬಹುದು. ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಎತ್ತರದ ಕಟ್ಟಡದ ಹಣೆಬರಹ ಬರೆಯುವುದು ಗೋಡೆ.

ಗೋಡೆಗೆ ಇಲ್ಲಿ ಶತ್ರು ಮಳೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,600 ಮಿಲಿಮೀಟರ್ ಆಸುಪಾಸು ಬೀಳುತ್ತದೆ. ಶಿವಮೊಗ್ಗ ಪೇಟೆಯಲ್ಲಿ ಅದರ ಹತ್ತಿರಕ್ಕೂ ಬರುವುದಿಲ್ಲ. "ಹಂಗಾದ್ರೆ ನಮಗೇನು ತೊಂದರೆ?" ಅಂತ ಕೇಳುವವರಿದ್ದಾರೆ. ಮಳೆ ಎಷ್ಟು ಬಿತ್ತು ಅನ್ನುವುದಕ್ಕಿಂತ ಗೋಡೆ ಒಣಗೋಕೆ ಪುರುಸೊತ್ತು ಸಿಕ್ಕಿತಾ ಅನ್ನುವುದು ಮುಖ್ಯ. ಆರಿದ್ರೆಯಿಂದ ಆಶ್ಲೇಷದವರೆಗೆ ಸೋನೆ ಹಿಡಿದರೆ ಗೋಡೆ ಒದ್ದೆ ಬಟ್ಟೆಯ ಹಾಗೆ ಇರುತ್ತದೆ. ಜೊತೆಗೆ ಮೇಲೆ ಹೋದಷ್ಟೂ ಗಾಳಿ ಜೋರು. ನೆಲದ ಮನೆಗೆ ನೆಟ್ಟಗೆ ಬೀಳುವ ಮಳೆ ಆರನೇ ಮಹಡಿಗೆ ಅಡ್ಡಡ್ಡ ಬಡಿಯುತ್ತದೆ. ಮುಂಗಾರಿನ ಗಾಳಿ ನೈಋತ್ಯದಿಂದ, ಹಾಗಾಗಿ ಪಶ್ಚಿಮ ಮತ್ತು ದಕ್ಷಿಣದ ಗೋಡೆಗಳಿಗೆ ಏಟು ಜಾಸ್ತಿ. ಅದರಲ್ಲೂ ಮೇಲಿನ ಮೂಲೆಗಳು. ಯಾವುದಾದರೂ ಹಳೇ ಅಪಾರ್ಟ್‌ಮೆಂಟ್ ಮುಂದೆ ನಿಂತು ತಲೆ ಎತ್ತಿ ನೋಡಿ. ಪಾಚಿ ಎಲ್ಲಿ ಕಪ್ಪಗಿದೆ, ಎಲ್ಲಿಂದ ಕೆಳಗೆ ನಾಲಿಗೆ ಚಾಚಿದೆ ಅಂತ ಗೊತ್ತಾಗುತ್ತದೆ.

ನಮ್ಮ ಹಳೇ ಮನೆಗಳು ಈ ಲೆಕ್ಕ ಸರಿಯಾಗಿ ಹಾಕಿದ್ದವು. ತಗ್ಗಿದ ಸೂರು, ಅಗಲದ ಜಗಲಿ, ಮಳೆ ಬಡಿಯುವ ಕಡೆ ಸೋಗೆಯ ತಟ್ಟಿ. ಮಣ್ಣಿನ ಗೋಡೆ ಅಷ್ಟು ಕಾಲ ಉಳಿದದ್ದು ಮಣ್ಣು ಗಟ್ಟಿ ಇತ್ತು ಅಂತಲ್ಲ, ನೀರು ಮುಟ್ಟಲಿಲ್ಲ ಅಂತ. ದೂರದ ಉದಾಹರಣೆ ಬೇಕಾದರೆ ಕೆನಡಾದ ವ್ಯಾಂಕೂವರ್ ಇದೆ. ಅಲ್ಲೂ ಮಳೆ ಜಾಸ್ತಿ. 1980, 90ರ ದಶಕದಲ್ಲಿ ಕಟ್ಟಿದ ಸಾವಿರಾರು ಅಪಾರ್ಟ್‌ಮೆಂಟ್‌ಗಳ ಗೋಡೆ ಒಳಗೇ ಕೊಳೆತು ದೊಡ್ಡ ಹಗರಣವಾಯಿತು. ಆಮೇಲೆ ಸರ್ಕಾರದ ವಸತಿ ಸಂಸ್ಥೆ ಸಮೀಕ್ಷೆ ಮಾಡಿದಾಗ, ಮೇಲೆ ಸೂರು ಚಾಚಿಕೊಂಡಿದ್ದ ಗೋಡೆಗಳಲ್ಲಿ ತೊಂದರೆ ಕಡಿಮೆ ಅಂತ ಗೊತ್ತಾಯಿತು. ನಮ್ಮ ಅಜ್ಜಂದಿರನ್ನು ಕೇಳಿದ್ದರೆ ಪುಕ್ಕಟೆ ಹೇಳುತ್ತಿದ್ದರು.

ಇದಕ್ಕೂ ಪರಿಸರಕ್ಕೂ ಏನು ಸಂಬಂಧ? ಸಿಮೆಂಟಿನ ಮೂಲವಾದ ಕ್ಲಿಂಕರ್ ಒಂದು ಟನ್ ಮಾಡಬೇಕಾದರೆ ಸುಣ್ಣದ ಕಲ್ಲಿನಿಂದಲೇ ಸುಮಾರು ಅರ್ಧ ಟನ್ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ಗೂಡು ಉರಿಸುವ ಇಂಧನದ್ದು ಬೇರೆ. ಕಂಬಿಯದ್ದು ಇನ್ನೊಂದು ಲೆಕ್ಕ. ಅಂದರೆ ಜನ ಮನೆಗೆ ಬರುವ ಮೊದಲೇ ಕಟ್ಟಡ ದೊಡ್ಡ ಸಾಲ ಮಾಡಿಕೊಂಡಿರುತ್ತದೆ. ಆ ಕಟ್ಟಡ ಎಂಬತ್ತು ವರ್ಷ ನಿಂತರೆ ಸಾಲ ಎಂಬತ್ತು ವರ್ಷಕ್ಕೆ ಹಂಚಿಹೋಗುತ್ತದೆ. ಇಪ್ಪತ್ತೈದು ವರ್ಷಕ್ಕೆ ಕಂಬಿ ತುಕ್ಕು ಹಿಡಿದು ಬೀಳಿಸಬೇಕಾಗಿ ಬಂದರೆ ಮತ್ತೆ ಅಷ್ಟೇ ಸಿಮೆಂಟ್, ಅಷ್ಟೇ ಕಂಬಿ. ಹಾಗಾಗಿ ನನ್ನ ಪ್ರಕಾರ ಮಲೆನಾಡಿನಲ್ಲಿ ಹಸಿರು ಕಟ್ಟಡ ಅಂದರೆ ಬಹಳ ಕಾಲ ಬಾಳುವ ಕಟ್ಟಡ. ಹಾಗೆ ಬಾಳಿಸುವ ವಸ್ತುಗಳು ತೀರಾ ಸಣ್ಣವು, ಅಗ್ಗದವು. ಬ್ರೋಷರ್‌ನಲ್ಲಿ ಹಾಕೋಕೆ ಲಾಯಕ್ಕಿಲ್ಲದವು.

ಕವರ್ ಬ್ಲಾಕ್ ತಗೊಳ್ಳಿ. ಕಂಬಿಗೂ ಕಾಂಕ್ರೀಟಿನ ಹೊರಮೈಗೂ ನಡುವೆ ಬಿಡುವ ದಪ್ಪವೇ ಕವರ್, ಆ ದಪ್ಪ ಉಳಿಯಲಿ ಅಂತ ಕಂಬಿ ಅಡಿ ಇಡುವ ಸಣ್ಣ ತುಂಡೇ ಕವರ್ ಬ್ಲಾಕ್. ಕಾಂಕ್ರೀಟ್ ಕೆಲಸದ ಭಾರತೀಯ ಸಂಹಿತೆ ಐಎಸ್ 456ರಲ್ಲಿ ಜೋರು ಮಳೆಗೆ ಒಡ್ಡಿಕೊಂಡ, ಒಣಗಿ ನೆನೆದು ಮತ್ತೆ ಒಣಗುವ ಕಾಂಕ್ರೀಟನ್ನು 'ಸಿವಿಯರ್' ಅಂತ ವಿಂಗಡಿಸಿದ್ದಾರೆ. ಅದಕ್ಕೆ ಕನಿಷ್ಠ ಎಂ30 ದರ್ಜೆಯ ಬಲದ ಕಾಂಕ್ರೀಟ್, 45 ಮಿಲಿಮೀಟರ್ ಕವರ್, ನೀರು-ಸಿಮೆಂಟ್ ಅನುಪಾತ 0.45 ಮೀರಬಾರದು. ಇದು ಓದೋಕೆ ಸುಲಭ. ಸೈಟಿನಲ್ಲಿ ಸ್ಲ್ಯಾಬಿಗೆ ಕಾಂಕ್ರೀಟ್ ಹಾಕುವ ಬೆಳಿಗ್ಗೆ ಹೋಗಿ ನೋಡಿದರೆ ಬಾಲ್ಕನಿ ತುದಿಯಲ್ಲಿ ಕವರ್ ಬ್ಲಾಕ್ ಬದಲು ಜಲ್ಲಿ ಚೂರು ಇಟ್ಟಿರುತ್ತಾರೆ. ಯಾರೋ ಕಂಬಿ ಮೇಲೆ ಓಡಾಡಿದಾಗ ಅದು ಜಾರಿ, ಕಂಬಿ ಶೀಟಿಗೆ ತಾಗಿರುತ್ತದೆ. ಸೆಂಟ್ರಿಂಗ್ ಬಿಚ್ಚಿದ ಮೇಲೆ ಏನೂ ಕಾಣುವುದಿಲ್ಲ, ಗಿಲಾಯಿ (ಪ್ಲಾಸ್ಟರ್) ಮುಚ್ಚುತ್ತದೆ. ಕೆಲವು ಮಳೆಗಾಲ ಕಳೆದ ಮೇಲೆ ಬಾಲ್ಕನಿ ಅಡಿಯಲ್ಲಿ ಕಂಬಿಯ ಗುಂಟ ಕಂದು ಗೆರೆ ಬೀಳುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಕಾಂಕ್ರೀಟನ್ನು ಒದ್ದು ಹೊರಗೆ ತಳ್ಳುತ್ತದೆ. ರಿಪೇರಿ ಕೆಲಸದಲ್ಲಿ ಸುತ್ತಿಗೆ ಹಿಡಿದು ಇಂಥ ಬಾಲ್ಕನಿ ತಟ್ಟಿದರೆ ಪೊಳ್ಳು ಶಬ್ದ ಬರುತ್ತದೆ. ಅದನ್ನು ಕೆತ್ತಿ, ತುಕ್ಕು ಉಜ್ಜಿ, ಮತ್ತೆ ಕಟ್ಟುವ ಖರ್ಚಿನ ಮುಂದೆ ಕವರ್ ಬ್ಲಾಕಿನ ಬೆಲೆ ಚಿಲ್ಲರೆ.

ಇನ್ನೊಂದು ಡ್ರಿಪ್ ಮೋಲ್ಡ್. ಸಜ್ಜಾ ಅಡಿಯಲ್ಲಿ, ಹೊರ ಅಂಚಿನ ಹತ್ತಿರ, ಬೆರಳು ಕೂರುವಷ್ಟು ಅಗಲದ ಒಂದು ತೋಡು. ನೀರು ಸಜ್ಜಾದ ಅಂಚಿನಿಂದ ಇಳಿದು ಅಡಿಗೆ ಅಂಟಿಕೊಂಡೇ ಗೋಡೆ ಕಡೆ ತೆವಳುತ್ತದೆ. ತೋಡು ಸಿಕ್ಕರೆ ದಾಟೋಕೆ ಆಗದೆ ಹನಿಯಾಗಿ ಕೆಳಗೆ ಬೀಳುತ್ತದೆ. ಅಷ್ಟೇ ಅದರ ಕೆಲಸ. ನಮ್ಮ ಮೇಸ್ತ್ರಿ ಹಸಿ ಗಿಲಾಯಿಗೆ ಪಟ್ಟಿ ಒತ್ತಿ ನೀಟಾಗಿ ಎಳೆಯುತ್ತಾರೆ. ಮೂಲೆಯಲ್ಲಿ ಗೋಡೆಗೆ ತಾಗುವ ಮೊದಲೇ ನಿಲ್ಲಿಸುತ್ತಾರೆ, ಇಲ್ಲದಿದ್ದರೆ ತೋಡೇ ನೀರನ್ನು ಗೋಡೆಗೆ ಕರೆದುಕೊಂಡು ಹೋಗುತ್ತದೆ. ಅವರು ಹೋದ ಮೇಲೆ ಪೇಂಟರ್ ಬರುತ್ತಾರೆ. "ಇಲ್ಲೊಂದು ಸೀಳು ಬಿಟ್ಟಿದಾರೆ" ಅಂತ ಪುಟ್ಟಿ ತುಂಬಿ, ಎಮರಿ ಹಾಕಿ ನುಣುಪು ಮಾಡಿ ಹೋಗುತ್ತಾರೆ! ಅವರನ್ನು ಬೈದು ಪ್ರಯೋಜನವಿಲ್ಲ, ಅದು ಏನಕ್ಕೆ ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ. ಈಗ ನಮ್ಮ ಪೇಂಟಿಂಗ್ ಆರ್ಡರ್‌ನಲ್ಲಿ ಒಂದು ಸಾಲು ಇದೆ: ತೋಡಿಗೆ ಪುಟ್ಟಿ ತುಂಬಿದ್ದರೆ ಆ ಮುಖದ ಬಿಲ್ ಪಾಸ್ ಆಗುವುದಿಲ್ಲ. ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿಯದ್ದೂ ಇದೇ ಕತೆ. ಕೆಳಗಿನ ಟ್ರ್ಯಾಕಿನಲ್ಲಿ ನೀರು ಹೊರಹೋಗಲು ಸಣ್ಣ ತೂತು ಇರುತ್ತದೆ. ಸೋರಬಾರದು ಅಂತ ಯಾರೋ ಅದಕ್ಕೇ ಸಿಲಿಕಾನ್ ಬಳಿದಿರುತ್ತಾರೆ. ಆಮೇಲೆ ಟ್ರ್ಯಾಕ್ ತುಂಬಿ ಹಾಲಿಗೆ ನೀರು.

ಕ್ಯೂರಿಂಗ್, ಅಂದರೆ ಹೊಸ ಕಾಂಕ್ರೀಟನ್ನು ಕೆಲವು ದಿನ ಒದ್ದೆಯಾಗಿಡುವ ಬಗ್ಗೆ ಮಳೆಗಾಲದಲ್ಲಿ ಕೇಳಿದರೆ ಸಿಗುವ ಉತ್ತರ: "ದೇವ್ರೇ ನೀರು ಹೊಡೀತಾ ಇದಾನಲ್ಲ ಸಾರ್, ನಾವ್ಯಾಕೆ?" ದೇವರು ಹೊಡೆಯುವುದು ಮೇಲಿನ ಸ್ಲ್ಯಾಬಿಗೆ. ಅದರ ಅಡಿಯಲ್ಲಿರುವ ಕಾಲಂಗಳು ಒಣಗಿಕೊಂಡು ನಿಂತಿರುತ್ತವೆ. ಕಾಲಂಗೆ ಗೋಣಿಚೀಲ ಸುತ್ತಿ ನೀರು ಹಾಕಲೇಬೇಕು. ಏನೂ ಬೆರೆಸದ ಸಾಮಾನ್ಯ (ಓಪಿಸಿ) ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಅಥವಾ ಸ್ಲ್ಯಾಗ್ (ಕಬ್ಬಿಣ ಕರಗಿಸುವಾಗ ಉಳಿಯುವ ಕಿಟ್ಟ) ಬೆರೆತಿದ್ದರೆ 10 ದಿನ. ಬಿರುಬಿಸಿಲಿನಲ್ಲಿ ಇನ್ನೂ ಜಾಸ್ತಿ.

ಸ್ಲ್ಯಾಗ್ ಅಂದಾಗ ನೆನಪಾಯಿತು. ಪಿಪಿಸಿ ಅನ್ನುವ ಬೆರಕೆ ಸಿಮೆಂಟಿನಲ್ಲಿ 15ರಿಂದ 35 ಶೇಕಡಾ ಹಾರುಬೂದಿ ಇರುತ್ತದೆ, ಸ್ಲ್ಯಾಗ್ ಸಿಮೆಂಟಿನಲ್ಲಿ 25ರಿಂದ 70 ಶೇಕಡಾದವರೆಗೆ ಸ್ಲ್ಯಾಗ್ ಇರಬಹುದು. ಅಷ್ಟು ಕ್ಲಿಂಕರ್ ಉಳಿಯಿತು, ಕಾಂಕ್ರೀಟಿನೊಳಗೆ ನೀರು ನುಸುಳುವುದೂ ಕಡಿಮೆ. ಆದರೂ 1923ರಿಂದ ಕಬ್ಬಿಣ ಕರಗಿಸಿದ ಭದ್ರಾವತಿ ಪಕ್ಕದಲ್ಲೇ ಇದ್ದುಕೊಂಡು, ಸ್ಲ್ಯಾಗ್ ಅಂದರೆ "ಕಸ ಬೆರೆಸ್ತೀರಾ?" ಅಂತ ಮುಖ ಸಿಂಡರಿಸುವವರು ನಮ್ಮಲ್ಲೇ ಜಾಸ್ತಿ. ನೀರು ಸರಿಯಾಗಿ ಹಾಕದಿದ್ದರೆ ಮಾತ್ರ ಇವು ಕೈಕೊಡುತ್ತವೆ, ಆಗ ಬೈಗುಳ ಸಿಮೆಂಟಿಗೆ.

ತಾರಸಿ ವಿಷಯದಲ್ಲಿ ಎಂಜಿನಿಯರ್‌ಗಳಿಗಿಂತ ಜನರೇ ಮುಂದೆ. ತೀರ್ಥಹಳ್ಳಿ, ಸಾಗರ, ಹೊಸನಗರ ಎಲ್ಲಿ ಹೋದರೂ ಆರ್‌ಸಿಸಿ ತಾರಸಿ ಮೇಲೆ ಕಬ್ಬಿಣದ ಟ್ರಸ್ ನಿಲ್ಲಿಸಿ ಶೀಟ್ ಹಾಕಿಸಿಕೊಂಡಿರುತ್ತಾರೆ. ನಾವು ಚಪ್ಪಟೆ ತಾರಸಿ ಬರೆದುಕೊಡುತ್ತೇವೆ, ಅವರು ಎರಡು ಮಳೆಗಾಲ ನೋಡಿ ಅದಕ್ಕೆ ಟೋಪಿ ಹಾಕುತ್ತಾರೆ. ಇದನ್ನು ಕಂಡು ಮೂಗು ಮುರಿಯುವ ಆರ್ಕಿಟೆಕ್ಟ್‌ಗಳಿದ್ದಾರೆ. ನನಗೆ ಅದು ಸರಿಯಾದ ತೀರ್ಮಾನ ಅನ್ನಿಸುತ್ತದೆ. ಹೇಗೂ ಆಮೇಲೆ ಹಾಕುವುದೇ ಆದರೆ ಮೊದಲೇ ಡ್ರಾಯಿಂಗ್‌ನಲ್ಲಿ ಯಾಕಿರಬಾರದು? ಸೂರನ್ನು ಗೋಡೆಯಿಂದ ಒಂದು ಮೀಟರ್ ಹೊರಗೆ ಚಾಚಿದರೆ ಮೇಲಿನ ಮಹಡಿಯ ಗೋಡೆ ಒಣಗಿರುತ್ತದೆ. ಬಿಸಿಲಿಗೆ ಸ್ಲ್ಯಾಬ್ ಕಾಯುವುದಿಲ್ಲ. ಸೋಲಾರ್ ಅದರ ಮೇಲೇ ಕೂರುತ್ತದೆ. ಎತ್ತರ ಜಾಸ್ತಿಯಾದರೆ ಗಾಳಿ ಶೀಟನ್ನು ಮೇಲಕ್ಕೆ ಎತ್ತುವ ಬಲವೂ ಜಾಸ್ತಿ, ಹಾಗಾಗಿ ವೆಲ್ಡಿಂಗ್ ಶಾಪಿನವರ ಅಂದಾಜಿಗೆ ಬಿಡಬೇಡಿ. ಟ್ರಸ್, ಅದನ್ನು ಹಿಡಿಯುವ ಬೋಲ್ಟು ಎರಡನ್ನೂ ಲೆಕ್ಕ ಹಾಕಿಯೇ ಕೊಡಬೇಕು.

ಆ ಶೀಟಿನಿಂದ ಬರುವ ನೀರು ಸಣ್ಣದಲ್ಲ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 400 ಚದರ ಮೀಟರ್ ಸೂರಿನ ಮೇಲೆ ಒಂದೇ ದಿನ 100 ಮಿಲಿಮೀಟರ್ ಸುರಿದರೆ 40,000 ಲೀಟರ್. ಅದನ್ನು ಸುಮ್ನೆ ರಸ್ತೆ ಚರಂಡಿಗೆ ಬಿಟ್ಟರೆ ಕೆಳಗಿನ ಬಡಾವಣೆಯವರ ಮನೆಗೆ ಹೋಗುತ್ತದೆ. 2019ರ ಆಗಸ್ಟ್‌ನಲ್ಲಿ ಶಿವಮೊಗ್ಗದ ಬಡಾವಣೆಗಳಿಗೆ ನೀರು ನುಗ್ಗಿದ್ದು ಇಲ್ಲಿನವರಿಗೆ ಮರೆತಿರಲಿಕ್ಕಿಲ್ಲ. ಮೊದಲು ಸಂಪು, ತುಂಬಿದ ಮೇಲೆ ಇಂಗುಗುಂಡಿ, ಅದೂ ತುಂಬಿದರೆ ಮಾತ್ರ ಚರಂಡಿ. ಸ್ಟಿಲ್ಟ್‌ನಲ್ಲಿರುವ ಕರೆಂಟ್ ಪ್ಯಾನೆಲ್‌ಗಳನ್ನು ಎತ್ತರದ ಕಟ್ಟೆ ಮೇಲೆ ಕೂರಿಸುವುದನ್ನೂ ಅದೇ ಡ್ರಾಯಿಂಗ್‌ನಲ್ಲಿ ತೋರಿಸಿ.

ಇನ್ನು ಬಟ್ಟೆ. ನಗಬೇಡಿ. ಆಷಾಢದಲ್ಲಿ ಆರನೇ ಮಹಡಿಯವರು ಬಟ್ಟೆ ಎಲ್ಲಿ ಒಣಗಿಸಬೇಕು? ಇರಚಲು ಬರದ, ಗಾಳಿ ಆಡುವ ಒಂದು ಯುಟಿಲಿಟಿ ಬಾಲ್ಕನಿ ಕೊಡದಿದ್ದರೆ ಮನೆಯೊಳಗೆ ಹಗ್ಗ ಕಟ್ಟುತ್ತಾರೆ. ಒಳಗಿನ ತೇವ ಏರಿ ವಾರ್ಡ್‌ರೋಬ್‌ನ ರೇಷ್ಮೆ ಸೀರೆಗೆ ಬೂಸ್ಟು ಹಿಡಿಯುತ್ತದೆ. ಇಲ್ಲವೇ ಡ್ರೈಯರ್ ಕೊಳ್ಳುತ್ತಾರೆ, ಕರೆಂಟ್ ಬಿಲ್ ಏರುತ್ತದೆ. ಮಹಿಳೆಯರ ಜೊತೆ ಪ್ಲ್ಯಾನ್ ಮಾತಾಡಿದರೆ ಮೊದಲ ಹತ್ತು ನಿಮಿಷದಲ್ಲೇ ಈ ಮಾತು ಬರುತ್ತದೆ. ಗಂಡಸರು ಮಾತ್ರ ಕೂತ ಮೀಟಿಂಗ್‌ನಲ್ಲಿ ನಾನು ಇದನ್ನು ಕೇಳಿಯೇ ಇಲ್ಲ. ವಾರ್ಡ್‌ರೋಬನ್ನು ಪಶ್ಚಿಮದ ಹೊರಗೋಡೆಗೆ ಆನಿಸಬಾರದು ಅನ್ನುವುದೂ ಆ ಮಹಿಳೆಯರಿಂದಲೇ ಬಂದದ್ದು.

ಮುಂದೆಲ್ಲ ಗಾಜು ಹಾಕಿ ಅನ್ನುವವರಿಗೆ ನಾನು ಹೆಚ್ಚು ವಾದ ಮಾಡುವುದಿಲ್ಲ. ಮನೆಗಳಲ್ಲಿ ಇಂಧನ ಉಳಿಸೋಕೆ ಕೇಂದ್ರ ತಂದ ಇಕೊ ನಿವಾಸ್ ಸಂಹಿತೆ 2018ರಲ್ಲಿ ಗೋಡೆ ಕಿಟಕಿಗಳ ಮೂಲಕ ಒಳಬರುವ ಬಿಸಿಗೆ ಚದರ ಮೀಟರ್‌ಗೆ 15 ವ್ಯಾಟ್ ಮಿತಿ ಇದೆ. ಆ ಲೆಕ್ಕ ಹಾಕಿ ಕೈಗೆ ಕೊಡುತ್ತೇನೆ, ಪಶ್ಚಿಮದ ಗಾಜು ತಾನಾಗಿ ಚಿಕ್ಕದಾಗುತ್ತದೆ.

ನಿಜವಾದ ಜಗಳ ಕ್ಯಾಲೆಂಡರ್ ಜೊತೆ. ಹೊರಗಿನ ಗಿಲಾಯಿ ಮೇ ಒಳಗೆ ಮುಗಿಯಬೇಕು, ಇಲ್ಲದಿದ್ದರೆ ದಸರಾ ಮುಗಿಯುವವರೆಗೆ ಕಾಯಬೇಕು. ಮಳೆಗಾಲದಲ್ಲಿ ಒಳಗಿನ ಟೈಲ್ಸು, ವೈರಿಂಗು ಮಾಡಿಕೊಳ್ಳಬಹುದು. ಆದರೆ ಬುಕ್ ಮಾಡಿದವರಿಗೆ ಶ್ರಾವಣದಲ್ಲೇ ಗೃಹಪ್ರವೇಶ ಆಗಬೇಕು. ಒಂದು ಕಟ್ಟಡದಲ್ಲಿ ಮಾಲೀಕರು ಒತ್ತಾಯ ಮಾಡಿ ಒದ್ದೆ ಗೋಡೆಗೇ ಪೇಂಟ್ ಹೊಡೆಸಿದರು. ಒಳಗೆ ಸಿಕ್ಕಿಕೊಂಡ ತೇವ ಬೇಸಿಗೆಯಲ್ಲಿ ಹೊರಬರಲು ನೋಡಿ ಪೇಂಟ್ ಹಪ್ಪಳದಂತೆ ಎದ್ದಿತು. ಮತ್ತೆ ಸಾರವೆ ಕಟ್ಟಿದ ಖರ್ಚೇ ಪೇಂಟಿಗಿಂತ ಜಾಸ್ತಿ. ಎತ್ತರದ ಕಟ್ಟಡದಲ್ಲಿ ಯಾವ ತಪ್ಪಾದರೂ ತಿದ್ದುವ ಖರ್ಚಿನಲ್ಲಿ ಸಾರವೆಯದ್ದೇ ದೊಡ್ಡ ಪಾಲು, ಇದನ್ನು ಬಿಲ್ಡರ್‌ಗೆ ಮೊದಲ ಮೀಟಿಂಗ್‌ನಲ್ಲೇ ಹೇಳಿಬಿಡಿ.

ಕಟ್ಟಡ ಬಿಟ್ಟುಕೊಡುವಾಗ ಈಗ ನಾವು ನಿವಾಸಿಗಳ ಸಂಘಕ್ಕೆ ಕನ್ನಡದಲ್ಲಿ ಒಂದೇ ಪುಟದ ಹಾಳೆ ಕೊಡುತ್ತೇವೆ. ಮೃಗಶಿರ ಮಳೆ ಹಿಡಿಯುವ ಮೊದಲು ಏನು ನೋಡಬೇಕು ಅಂತ: ಮಳೆನೀರಿನ ಪೈಪಿನ ಬಾಯಿ, ಕಿಟಕಿಯ ತೂತು, ಸಜ್ಜಾದ ಮೇಲೆ ಹುಟ್ಟಿದ ಅರಳಿ ಗಿಡ, ಇಂಗುಗುಂಡಿಯ ಹೂಳು. ಒಂದು ಸಂಘದ ಕಾರ್ಯದರ್ಶಿ ನಿವೃತ್ತ ಮೇಷ್ಟ್ರು. ಹಾಳೆ ಓದಿ, ಪೆನ್ ತೆಗೆದು, ಕೊನೆಗೆ ತಾವೇ ಒಂದು ಸಾಲು ಸೇರಿಸಿದರು: "ಪೈಪಿನೊಳಗೆ ಹುಡುಗರ ಕ್ರಿಕೆಟ್ ಬಾಲ್ ಇದೆಯೇ ನೋಡುವುದು." ಈಗ ಅದು ನಮ್ಮ ಎಲ್ಲಾ ಹಾಳೆಯಲ್ಲೂ ಇದೆ.