ಒಂದು ಪೊಟ್ಟಣ, ಎರಡು ಬ್ಯುರೆಟ್

ಹೊರಗೆ ಆಟಿ ತಿಂಗಳ ಮಳೆ, ಒಳಗೆ ಹಂಚಿನ ಮಾಡಿನ ಲ್ಯಾಬ್, ಮೇಜಿನ ಮೇಲೆ ಒಂದು ಕಾಗದದ ಪೊಟ್ಟಣ. ಮಂಗಳೂರಿನ ನಮ್ಮ ಕಾಲೇಜಿನ ಬಿ.ಎಸ್ಸಿ. ಪ್ರಾಕ್ಟಿಕಲ್ಸ್ ಎಂದರೆ ಮೊದಲು ನೆನಪಾಗುವುದು ಇದು. ಪೊಟ್ಟಣದಲ್ಲಿ ಸುಮಾರು 1.6 ಗ್ರಾಂ ಬಿಳಿ ಹರಳು. ಆಕ್ಸಾಲಿಕ್ ಆಮ್ಲವೂ ಸೋಡಿಯಂ ಆಕ್ಸಲೇಟೂ ಬೆರೆತಿವೆ ಎಂದಷ್ಟೇ ಹೇಳುತ್ತಿದ್ದರು. ಯಾವುದು ಎಷ್ಟು ಎಂಬುದು ನಮ್ಮ ತಲೆನೋವು.

ಆಕ್ಸಲೇಟ್ ನಮ್ಮ ಊರಿನವರಿಗೆ ಅಪರಿಚಿತವೇನಲ್ಲ. ಬಿಂಬುಳಿಯಲ್ಲಿ ಆಕ್ಸಾಲಿಕ್ ಆಮ್ಲ ಧಾರಾಳವಾಗಿದೆ. ಪತ್ರೊಡೆಯ ಕೆಸುವಿನೆಲೆ ಸರಿಯಾಗಿ ಬೇಯದಿದ್ದರೆ ಗಂಟಲು ತುರಿಸುವುದು ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿಂದ.

ಉಪಾಯ ಎರಡು ಟೈಟ್ರೇಷನ್: ಬ್ಯುರೆಟ್ ಎಂಬ ಗೆರೆ ಹಾಕಿದ ನೀಳ ಗಾಜಿನ ಕೊಳವೆಯಿಂದ ಸಾಂದ್ರತೆ ಗೊತ್ತಿರುವ ದ್ರಾವಣವನ್ನು ಹನಿಹನಿಯಾಗಿ ಬಿಟ್ಟು, ಎಷ್ಟು ಖರ್ಚಾಯಿತೆಂದು ಓದುವುದು. ಕಾಸ್ಟಿಕ್ ಸೋಡಾ ಈ ಮಿಶ್ರಣದಲ್ಲಿ ಆಮ್ಲವನ್ನು ಮಾತ್ರ ಹಿಡಿಯುತ್ತದೆ. ಪರ್ಮಾಂಗನೇಟಿಗೆ ಆ ಭೇದವಿಲ್ಲ, ಎರಡರಲ್ಲಿಯೂ ಇರುವ ಆಕ್ಸಲೇಟನ್ನು ಒಟ್ಟಿಗೆ ಉತ್ಕರ್ಷಿಸುತ್ತದೆ. ಎರಡು ರೀಡಿಂಗ್‌ಗಳ ವ್ಯತ್ಯಾಸವೇ ಸೋಡಿಯಂ ಆಕ್ಸಲೇಟ್.

ಹರಳನ್ನು ಬೀಕರಿನಲ್ಲಿ ಕರಗಿಸಿ, ಬೀಕರನ್ನು ಮೂರು ಸಲ ತೊಳೆದು, ಆ ನೀರನ್ನೂ ಸೇರಿಸಿ 250 ಮಿ.ಲೀ. ಸ್ಟ್ಯಾಂಡರ್ಡ್ ಫ್ಲಾಸ್ಕಿನಲ್ಲಿ ಗುರುತಿನವರೆಗೆ ತುಂಬಬೇಕು. ಸೋಡಿಯಂ ಆಕ್ಸಲೇಟ್ ನಿಧಾನವಾಗಿ ಕರಗುತ್ತದೆಂದು ಬಿಸಿ ಮಾಡಿದರೆ ತಣಿಯುವವರೆಗೆ ಗುರುತಿನ ಹತ್ತಿರ ಹೋಗಬಾರದು. ಆಮೇಲೆ ಹತ್ತು ಹದಿನೈದು ಸಲ ತಲೆಕೆಳಗೆ ಮಾಡಿ ಕುಲುಕಬೇಕು. ಇದನ್ನು ಮರೆತವರಿಗೆ ಮೊದಲ ಪಿಪೆಟ್ಟಿಗೊಂದು, ಮೂರನೆಯದಕ್ಕೊಂದು ಉತ್ತರ ಬರುತ್ತಿತ್ತು. ಬ್ಯುರೆಟ್, ಪಿಪೆಟ್‌ಗಳನ್ನು ಅವುಗಳಿಗೆ ಹಾಕುವ ದ್ರಾವಣದಿಂದಲೇ ತೊಳೆಯಬೇಕು. ಕೋನಿಕಲ್ ಫ್ಲಾಸ್ಕನ್ನು ಮಾತ್ರ ಬರೀ ಡಿಸ್ಟಿಲ್ಡ್ ನೀರಿನಿಂದ.

ಪರ್ಮಾಂಗನೇಟ್ ರಬ್ಬರನ್ನು ಕೆಡಿಸುತ್ತದೆ, ಅದಕ್ಕೆ ಗಾಜಿನ ತಿರುಗಣೆಯ ಬ್ಯುರೆಟ್. ಕಾಸ್ಟಿಕ್ ಸೋಡಾದಿಂದ ಗಾಜಿನ ತಿರುಗಣೆ ಕಚ್ಚಿಕೊಂಡುಬಿಡುತ್ತದೆ, ಅದಕ್ಕೆ ರಬ್ಬರ್ ನಳಿಗೆಯನ್ನು ಒತ್ತಿಹಿಡಿಯುವ ಪಿಂಚ್‌ಕಾಕ್ ಕ್ಲಿಪ್. ಅದಲುಬದಲು ಮಾಡಿದವರು ಅಟೆಂಡರ್ ಕೈಯಲ್ಲಿ ಬೈಸಿಕೊಳ್ಳುತ್ತಿದ್ದರು.

ಮೊದಲು ಸೋಡಾದ ಬ್ಯುರೆಟ್: ಕೋನಿಕಲ್ ಫ್ಲಾಸ್ಕಿನಲ್ಲಿ 25 ಮಿ.ಲೀ. ದ್ರಾವಣ, ಬಣ್ಣದಿಂದ ಕೊನೆ ತೋರಿಸುವ ಸೂಚಕವಾಗಿ ಎರಡು ಹನಿ ಫಿನಾಲ್ಫ್ತಲೀನ್, ತೆಳು ಗುಲಾಬಿಗೆ ನಿಲ್ಲಿಸುವುದು. ಮಿಥೈಲ್ ಆರೆಂಜ್ ಎಂಬ ಸೂಚಕ ಇಲ್ಲಿ ನಡೆಯದು; ಆಕ್ಸಾಲಿಕ್ ಆಮ್ಲದ ಎರಡನೆಯ ಹೈಡ್ರೊಜನ್ ಪೂರ್ತಿ ಹೋಗುವ ಮೊದಲೇ ಅದು ಬಣ್ಣ ಬದಲಿಸಿಬಿಡುತ್ತದೆ.

ಎರಡನೆಯದಾದ ಪರ್ಮಾಂಗನೇಟಿಗೆ ತಾಳ್ಮೆ ಬೇಕು. ಅಷ್ಟೇ ದ್ರಾವಣಕ್ಕೆ ಒಂದು ಪ್ರನಾಳದಷ್ಟು ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಸೇರಿಸಿ 60–70 ಡಿಗ್ರಿಗೆ ಬಿಸಿ ಮಾಡಬೇಕು. ಹೈಡ್ರೊಕ್ಲೋರಿಕ್ ಹಾಕಿದರೆ ಪರ್ಮಾಂಗನೇಟ್ ಅದನ್ನೇ ಕ್ಲೋರಿನ್ ಮಾಡುತ್ತಾ ಖರ್ಚಾಗುತ್ತದೆ. ನೈಟ್ರಿಕ್ ತಾನೇ ಉತ್ಕರ್ಷಕ. ಕುದಿಸಿದರೆ ಆಕ್ಸಾಲಿಕ್ ಆಮ್ಲ ಒಡೆದು ರೀಡಿಂಗ್ ಕಡಿಮೆಯಾಗುತ್ತದೆ. ಮೊದಲ ಹನಿಗಳ ಬಣ್ಣ ಹೋಗಲು ಹೊತ್ತು ಹಿಡಿಯುತ್ತದೆ. ಮ್ಯಾಂಗನಸ್ ಅಯಾನು ಸ್ವಲ್ಪ ಹುಟ್ಟಿದ ಮೇಲೆ ಅದೇ ವೇಗವರ್ಧಕವಾಗಿ ಬಣ್ಣ ಬಿದ್ದಲ್ಲೇ ಮಾಯ. ಆ ಮೊದಲ ನಿಮಿಷದಲ್ಲಿ ಅವಸರಪಟ್ಟು ಸುರಿದರೆ, ಅಥವಾ ಆಮ್ಲ ಸಾಲದಿದ್ದರೆ, ಮ್ಯಾಂಗನೀಸ್ ಡೈಆಕ್ಸೈಡಿನ ಕಂದು ಕದಡು. ಅದನ್ನು ಸರಿಪಡಿಸಲು ಹೋಗದೆ ಚೆಲ್ಲಿ ಮತ್ತೆ ಶುರುಮಾಡುವುದೇ ಲೇಸು. ದ್ರಾವಣ ಕಡುಬಣ್ಣದ್ದಾದ್ದರಿಂದ ಬ್ಯುರೆಟ್‌ನಲ್ಲಿ ಓದುವುದು ಮೇಲಿನ ಅಂಚನ್ನು. ಗುಲಾಬಿ ಅರ್ಧ ನಿಮಿಷ ನಿಂತರೆ ಸಾಕು.

ಲೆಕ್ಕ ಹೀಗೆ: ಸೋಡಾ, ಪರ್ಮಾಂಗನೇಟ್ ಎರಡೂ 0.1 ನಾರ್ಮಲ್, ಅಂದರೆ ಲೀಟರಿಗೆ ತುಲ್ಯಭಾರದ ಹತ್ತನೇ ಒಂದು ಭಾಗದಷ್ಟು ಗ್ರಾಂ, ಎಂದುಕೊಳ್ಳೋಣ. ಸೋಡಾ 14.2 ಮಿ.ಲೀ., ಪರ್ಮಾಂಗನೇಟ್ 24.6 ಮಿ.ಲೀ. ತುಲ್ಯಭಾರ ಎಂದರೆ ಒಂದು ಲೀಟರ್ 1 ನಾರ್ಮಲ್ ದ್ರಾವಣಕ್ಕೆ ಬೇಕಾದ ಗ್ರಾಂ; ಹರಳುನೀರಿನ ಆಕ್ಸಾಲಿಕ್ ಆಮ್ಲಕ್ಕೆ ಅದು 63. ಹಾಗಾಗಿ 25 ಮಿ.ಲೀ.ನ ಲೆಕ್ಕವನ್ನು ಹತ್ತು ಪಟ್ಟು ಮಾಡಿದರೆ 250 ಮಿ.ಲೀ. ಫ್ಲಾಸ್ಕಿನಲ್ಲಿ ಆಮ್ಲ 0.895 ಗ್ರಾಂ. ಉಳಿದ 10.4 ಮಿ.ಲೀ.ಗೆ ಸೋಡಿಯಂ ಆಕ್ಸಲೇಟ್, ತುಲ್ಯಭಾರ 67, ಅಂದರೆ 0.697 ಗ್ರಾಂ. ಒಟ್ಟು 1.592. ಪೊಟ್ಟಣದ ತೂಕಕ್ಕೆ ಹೊಂದಿತು ಎಂದು ಎಲ್ಲರಿಗೂ ಖುಷಿ.

ಮೋಸ ಇರುವುದು ಇಲ್ಲೇ. ಕರಾವಳಿಯ ಮಳೆಗಾಲದ ಗಾಳಿಯಲ್ಲಿ ಕಾಸ್ಟಿಕ್ ಸೋಡಾದ ಗುಳಿಗೆ ತೇವ ಹೀರಿ ತಕ್ಕಡಿಯ ಮೇಲೆಯೇ ಬೆವರುತ್ತದೆ, ತೂಕದಲ್ಲಿ ನೀರೂ ಸೇರುತ್ತದೆ. 4 ಗ್ರಾಂ ತೂಗಿ ಲೀಟರ್ ಮಾಡಿದ ದ್ರಾವಣ ನಿಜದಲ್ಲಿ 0.096 ನಾರ್ಮಲ್ ಇದ್ದೀತು. ಆಗ ಸೋಡಾ 14.8 ಮಿ.ಲೀ. ಓಡುತ್ತದೆ. 0.1 ಎಂದೇ ಹಿಡಿದರೆ ಆಮ್ಲ 0.932, ಸೋಡಿಯಂ ಆಕ್ಸಲೇಟ್ 0.657, ಒಟ್ಟು 1.589! ಎರಡು ತುಲ್ಯಭಾರಗಳೂ ಅಕ್ಕಪಕ್ಕದವಾದ್ದರಿಂದ ಒಂದರ ತಪ್ಪನ್ನು ಇನ್ನೊಂದು ಮುಚ್ಚಿಹಾಕುತ್ತದೆ, ಒಟ್ಟು ತೂಕ ಏನೂ ಹೇಳುವುದಿಲ್ಲ. ಅದಕ್ಕೇ ಸೋಡಾವನ್ನು ಸ್ಟ್ಯಾಂಡರ್ಡೈಸ್ ಮಾಡದೆ, ಅಂದರೆ ಅದು ನಿಜಕ್ಕೂ ಎಷ್ಟು ನಾರ್ಮಲ್ ಎಂದು ಕಂಡುಕೊಳ್ಳದೆ, ಪೊಟ್ಟಣ ಬಿಚ್ಚಬಾರದು. 1.576 ಗ್ರಾಂ ಶುದ್ಧ ಆಕ್ಸಾಲಿಕ್ ಆಮ್ಲವನ್ನು 250 ಮಿ.ಲೀ. ಮಾಡಿಕೊಂಡರೆ ಎರಡೂ ಬ್ಯುರೆಟ್‌ಗಳ ದ್ರಾವಣವನ್ನು ಹೀಗೆ ಪರೀಕ್ಷಿಸಲು ಅದೊಂದೇ ಆಗುತ್ತದೆ. ಈ ಪ್ರಯೋಗದಲ್ಲಿ ನನಗೆ ಅತ್ಯಂತ ಜಾಣತನದ್ದೆನಿಸುವ ಭಾಗ ಇದೇ.

ಕೊನೆಗೆ ಫ್ಲಾಸ್ಕಿನಲ್ಲಿ ಉಳಿದ ದ್ರಾವಣವನ್ನು ಸಿಂಕಿಗೆ ಚೆಲ್ಲುವ ಮೊದಲು ಅದಕ್ಕೆ ಸ್ವಲ್ಪ ಸಲ್ಫ್ಯೂರಿಕ್ ಹಾಕಿ ಪರ್ಮಾಂಗನೇಟ್ ಬ್ಯುರೆಟ್‌ನ ಒಳಗೆ ಓಡಿಸಬೇಕು. ಬ್ರಷ್ಷಿಗೆ ಜಗ್ಗದ ಕಂದು ಕಲೆ ಅದಕ್ಕೆ ಬಿಡುತ್ತದೆ.