13 ಬೇರೆ ಪಾಕೆಟ್‌ಗೆ, ನಾನು ಹಳ್ಳಕ್ಕೆ

ಜಯನಗರದ ಒಂದು ಪೂಲ್ ಪಾರ್ಲರಿನಲ್ಲಿ ನಾನು ಮಾರ್ಕರ್, ಅಂದ್ರೆ ಸ್ಕೋರ್ ಬರೆದು ಫೌಲ್ ಹೇಳೋನು. ಅದಕ್ಕೂ ಮೊದಲು ಒಂಬತ್ತು ವರ್ಷ ಸ್ನೂಕರ್ ಟೇಬಲ್ ಪಕ್ಕ ನಿಂತವನು. ನಮ್ಮೂರಿನ ಪಂಕಜ್ ಅಡ್ವಾಣಿ 2003ರಲ್ಲಿ ಚೀನಾದಲ್ಲಿ ಐಬಿಎಸ್‌ಎಫ್ ವಿಶ್ವ ಸ್ನೂಕರ್ ಗೆದ್ದಾಗ ನಾನಿನ್ನೂ ಸ್ಕೂಲು. ಆ ಹುಚ್ಚಿನಲ್ಲೇ ಈ ಕೆಲಸ ಹಿಡಿದೆ.

ಭಾನುವಾರ ನಮ್ಮಲ್ಲೇ ಒಂದು ಏಯ್ಟ್ ಬಾಲ್ ಟೂರ್ನಮೆಂಟ್: ತನ್ನ ಬಾಲ್‌ಗಳೆಲ್ಲ ಪಾಕೆಟಿಗೆ ಹಾಕಿ ಆಮೇಲೆ 8 ಹಾಕಿದವನು ಗೆದ್ದ. ಕಾಲ್ಡ್ ಶಾಟ್ (ಯಾವ ಬಾಲ್ ಯಾವ ಪಾಕೆಟಿಗೆ ಅಂತ ಮೊದಲೇ ಹೇಳಿ ಹೊಡೆಯೋದು), ಡಬ್ಲ್ಯೂಪಿಎ ಅನ್ನೋ ವಿಶ್ವ ಪೂಲ್ ಸಂಸ್ಥೆಯ ರೂಲ್ಸ್ ಅಂತ ಪೋಸ್ಟರಿನಲ್ಲಿ ಹಾಕಿದ್ದರು. ಆ ರೂಲ್ಸ್ ಒಂದು ಪ್ರಿಂಟ್ ಕೊಡಿ ಅಂತ ಮೂರು ಸಲ ಕೇಳಿದ್ದೆ. 'ನಿಂಗ್ ಗೊತ್ತಿಲ್ದೇ ಇರೋದಾ' ಅಂದ್ರು ಓನರ್. ಹತ್ತು ಗಂಟೆಗೆ ಟೇಬಲ್ ಬುಕಿಂಗ್ ಇದೆ, ಬೇಗ ಮುಗಿಸು ಅನ್ನೋದು ಮಾತ್ರ ನಾಲ್ಕು ಸಲ ಹೇಳಿದ್ರು.

ಸೆಮಿಫೈನಲ್, ಕೊನೇ ಗೇಮ್. ಕನ್ನಡಕದ ಹುಡುಗನಿಗೆ ಉಳಿದಿದ್ದು 13, ಆಮೇಲೆ 8. ಎದುರಾಳಿಗೆ 2 ಮತ್ತು 5. ಹುಡುಗ ಕ್ಯೂ ತುದಿಯಿಂದ ತೋರಿಸಿ 'ಹದಿಮೂರು, ಈ ಕಾರ್ನರ್' ಅಂದ. ಹೊಡೆದ. 13 ಪಾಕೆಟಿನ ಬಾಯಲ್ಲಿ ಎರಡು ಸಲ ಗಡಗಡ ಅಂದು ಹೊರಗೆ ಬಂತು. ಕುಶನ್ ಪಕ್ಕದಲ್ಲೇ ಮೆಲ್ಲಗೆ ಉರುಳುತ್ತಾ ಹೋಗಿ ಇನ್ನೊಂದು ಕಾರ್ನರಿಗೆ ಬಿತ್ತು. ವೈಟ್, ಅಂದ್ರೆ ಕ್ಯೂನಿಂದ ಹೊಡೆಯೋ ಬಿಳಿ ಬಾಲ್, 8ರ ಬೆನ್ನಿಗೆ ಅಂಟಿಕೊಂಡಂತೆ ನಿಂತಿತ್ತು. ಅಲ್ಲಿಂದ 2 ಕಾಣಲ್ಲ, 5ಊ ಕಾಣಲ್ಲ.

ಫೌಲ್ ಆಯ್ತಲ್ಲ, ವೈಟ್ ಎತ್ತಿ ಬೇಕಾದಲ್ಲಿ ಇಡಬಹುದಾ ಅನ್ನೋ ಹಾಗೆ ಎದುರಾಳಿ ಅದರ ಮೇಲೆ ಕೈಯಿಟ್ಟು ನನ್ನ ಮುಖ ನೋಡಿದ. ನಾನು ಹೂಂ ಅಂತ ತಲೆಯಾಡಿಸಿದೆ. ಅಷ್ಟೇ ನಾನು ಮಾಡಿದ್ದು.

ಅವನು ವೈಟ್ ಎತ್ತಿ ಬೇಕಾದ ಕಡೆ ಇಟ್ಟ. 2, 5, 8. ಒಂದೂವರೆ ನಿಮಿಷ ಆಗಿರಬಹುದು.

'ಅಣ್ಣಾ, ವೈಟ್ ಯಾಕೆ ಕೈಗೆ ಕೊಟ್ರಿ? ಫೌಲ್ ಎಲ್ಲಾಯ್ತು?' ಅಂದ ಕನ್ನಡಕದ ಹುಡುಗ.

'ಹೇಳಿದ ಪಾಕೆಟಿಗೆ ಬೀಳಲಿಲ್ವಲ್ಲಪ್ಪ' ಅಂದೆ, ಸ್ವಲ್ಪ ಜೋರಾಗೇ.

ಹುಡುಗ ಮೊಬೈಲ್ ತೆಗೆದು ರೂಲ್ಸ್ ತೋರಿಸಿದ. ಫೌಲ್‌ಗಳ ಪಟ್ಟಿಯಲ್ಲಿ ವೈಟ್ ಪಾಕೆಟಿಗೆ ಹೋಗುವುದಿದೆ, ಬೇರೆಯವರ ಬಾಲ್ ಮೊದಲು ತಾಗುವುದಿದೆ, ತಾಗಿದ ಮೇಲೆ ಯಾವುದೂ ಪಾಕೆಟ್ ಆಗದೆ, ಕುಶನ್ನಿಗೂ ಹೋಗದೆ ನಿಲ್ಲುವುದಿದೆ. ಹೇಳಿದ್ದು ತಪ್ಪಿ ಇನ್ನೊಂದು ಪಾಕೆಟಿಗೆ ಬಿದ್ದರೆ? ಸುಮ್ನೆ ಸರದಿ ಹೋಗುತ್ತೆ. 13 ಒಳಗೇ ಇರುತ್ತೆ, ವೈಟ್ ನಿಂತಲ್ಲೇ ನಿಲ್ಲುತ್ತೆ. ಅಂದ್ರೆ ಎದುರಾಳಿ 8ರ ಹಿಂದಿನಿಂದಲೇ ಒದ್ದಾಡಬೇಕಿತ್ತು.

ಎದುರಾಳಿಯೂ ಬಿಡಲಿಲ್ಲ. '8 ತಪ್ಪು ಪಾಕೆಟಿಗೆ ಹೋದ್ರೆ ಗೇಮೇ ಹೋಗುತ್ತೆ, 13ಕ್ಕೆ ಅಷ್ಟೂ ಇಲ್ವಾ?' ನಿಜ ಹೇಳಬೇಕಂದ್ರೆ ನನ್ನ ತಲೆಯಲ್ಲೂ ಅದೇ ಓಡಿತ್ತು. ಸ್ನೂಕರಿನಲ್ಲಿ ಬ್ಲೂ ಅಂತ ಹೇಳಿ ಪಿಂಕ್ ಹೊಡೆದರೆ ಫೌಲ್, 6 ಪಾಯಿಂಟ್. ಯಾವ ಪಾಕೆಟ್ ಅಂತ ಅಲ್ಲಿ ಯಾರೂ ಕೇಳಲ್ಲ. ಹೇಳಿದ್ದೊಂದು ಆಗಿದ್ದೊಂದು ಅಂದ ತಕ್ಷಣ ನನಗೆ ಫೌಲೇ ಕಂಡಿದ್ದು. ಎರಡು ಸೆಕೆಂಡ್ ವೈಟ್ ಮೇಲೆ ನನ್ನ ಕೈಯಿಟ್ಟು ಯೋಚಿಸಿದ್ದರೆ ಸಾಕಿತ್ತು. ಹತ್ತು ಗಂಟೆ ಬುಕಿಂಗ್ ನೆನಪಾಯ್ತು, ರೂಲ್ ನೆನಪಾಗಲಿಲ್ಲ. ಈಗ ಕೇಳಿದರೆ ವಾಪಸ್ ಜೋಡಿಸೋಕೆ ಟೇಬಲ್ ಮೇಲೆ ಏನೂ ಉಳಿದಿರಲಿಲ್ಲ.

ಓನರ್ ಬಂದು 'ಅಡ್ಜಸ್ಟ್ ಮಾಡ್ಕೊಳಪ್ಪ' ಅಂತ ಹುಡುಗನಿಗೆ ಒಂದು ಗಂಟೆ ಫ್ರೀ ಟೇಬಲ್ ಕೊಟ್ಟರು. ಅದು ನನ್ನ ಸಂಬಳದಲ್ಲಿ ಕಟ್. ಪ್ರಿಂಟ್ ಇವತ್ತಿಗೂ ಬಂದಿಲ್ಲ, ನಾನೇ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ತೆಗೆಸಿಕೊಂಡೆ.

ಆ ಹುಡುಗ ಈಗಲೂ ಬರ್ತಾನೆ. ಪಾಕೆಟಿನ ಬಾಯಲ್ಲೇ ಕೂತಿರೋ ಬಾಲಿಗೂ ಕೂಗಿ ಕಾಲ್ ಮಾಡ್ತಾನೆ. ಮೊನ್ನೆ ಬ್ರೇಕ್, ಅಂದ್ರೆ ಗೇಮಿನ ಮೊದಲ ಶಾಟ್, ಹೊಡೆಯೋ ಮುಂಚೆ ನನ್ನ ಕಡೆ ತಿರುಗಿ 'ಅಣ್ಣಾ, ಹದಿನೈದು ಬಾಲೂ, ಆರು ಪಾಕೆಟಿಗೂ' ಅಂದ.

'ಬ್ರೇಕಿಗೆ ಕಾಲ್ ಬೇಡ ಕಣಪ್ಪ' ಅಂದೆ.

'ಖಂಡಿತಾನಾ ಅಣ್ಣಾ?' ಅಂದ. ಜೇಬಿನಿಂದ ಜೆರಾಕ್ಸ್ ತೆಗೆದು ನೋಡಿಯೇ ಹೂಂ ಅಂದೆ.